ಗರ್ಭಕೋಶ ತೆಗೆಯುವ ಮೊದಲು ಸ್ನಾಯುವನ್ನು ನೋಡಿದ ಒಂದು ಪ್ರಕರಣ

ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ತಾಲ್ಲೂಕೊಂದರಿಂದ ಬಂದ ಮಹಿಳೆಯೊಬ್ಬರ ಕೆಳಹೊಟ್ಟೆ ಮತ್ತು ಶ್ರೋಣಿಯ (ಸೊಂಟದ ಮೂಳೆಗಳ ನಡುವಿನ ಭಾಗದ) ದೀರ್ಘಕಾಲದ ನೋವಿನ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ವಯಸ್ಸು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ನೋವಿನ ಸ್ವರೂಪ, ಪರೀಕ್ಷೆಯಲ್ಲಿ ಕಂಡದ್ದು, ಚಿಕಿತ್ಸೆಗಳನ್ನು ಕೊಟ್ಟ ಕ್ರಮ, ಅವುಗಳ ಫಲ ಇವನ್ನು ಬದಲಿಸಿಲ್ಲ. ನಾನು ಈ ಪ್ರಕರಣದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಭಾಗಿಯಾಗಿದ್ದೆ. ಒಬ್ಬ ಸ್ತ್ರೀರೋಗ ತಜ್ಞೆ ಮತ್ತು ಒಬ್ಬ ಅರಿವಳಿಕೆ ಹಾಗೂ ನೋವು ತಜ್ಞರು ಜೊತೆಯಲ್ಲಿದ್ದರು.

ಹಿನ್ನೆಲೆ

ನಲವತ್ತರ ಅಂಚಿನಲ್ಲಿದ್ದ ಅವರಿಗೆ ಇಬ್ಬರು ಮಕ್ಕಳು. ಎರಡೂ ಸಹಜ ಹೆರಿಗೆ. ಎರಡನೆಯದರಲ್ಲಿ ಹೊಲಿಗೆ ಬಿದ್ದಿತ್ತು, ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿತ್ತು. ಮನೆಗೆ ಎಕರೆಗಿಂತ ಕಡಿಮೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಹಸು. ವರ್ಷದ ಕೈಖರ್ಚಿನ ದೊಡ್ಡ ಪಾಲು ಅವರಿಗೆ ಬರುತ್ತಿದ್ದುದು ಅಡಿಕೆ ಸುಲಿಯುವ ಕೂಲಿಯಿಂದ. ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿ ದಾಟುವವರೆಗೆ, ಮೊದಲು ಸ್ವಂತ ಮನೆಯದು, ಆಮೇಲೆ ಊರಿನ ದೊಡ್ಡ ತೋಟದವರದು ಎಂದು ಅವರು ಸುಲಿಯಲು ಕೂರುತ್ತಿದ್ದರು. ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು ಬೇಯಿಸಬೇಕಾದ್ದರಿಂದ ಈ ಕೆಲಸಕ್ಕೆ ಹಗಲು ರಾತ್ರಿ ಎಂಬುದಿಲ್ಲ. ಸಂಜೆ ದನದ ಕೆಲಸ ಮುಗಿಸಿ ಕೂತವರು ನಡುರಾತ್ರಿಗೆ ಏಳುವುದು ಸಾಮಾನ್ಯ.

ನೋವು ಆರಂಭವಾದದ್ದು ನಾಲ್ಕು ವರ್ಷಗಳ ಹಿಂದೆ, ಅಂಥ ಒಂದು ಕೊಯ್ಲಿನ ನಡುವೆ. ಮೊದಲು ಉರಿಮೂತ್ರ ಬಂತು, ಔಷಧಿಯಿಂದ ಉರಿ ಹೋಯಿತು, ಆದರೆ ಪದೇಪದೇ ಮೂತ್ರಕ್ಕೆ ಹೋಗಬೇಕೆನ್ನಿಸುವುದು ಹೋಗಲಿಲ್ಲ. ಕೆಲವು ವಾರಗಳಲ್ಲಿ ಕಿಬ್ಬೊಟ್ಟೆಯ ಎಡಭಾಗದಲ್ಲಿ, ಯೋನಿಯೊಳಗೆ, ಎಡ ಪೃಷ್ಠದಲ್ಲಿ ಮತ್ತು ಬಾಲಮೂಳೆಯ ಸುತ್ತ ಒಂದು ಬಗೆಯ ಜಗ್ಗುವ ನೋವು ನೆಲೆಸಿತು. ಬೆಳಿಗ್ಗೆ ಎದ್ದಾಗ ಅದು ಕಡಿಮೆ, ಸಂಜೆಯ ಹೊತ್ತಿಗೆ ಹೆಚ್ಚು. ಕೂತರೆ ಹೆಚ್ಚು, ಅಂಗಾತ ಮಲಗಿದರೆ ಕಡಿಮೆ. ಮಲಬದ್ಧತೆಯಾದ ದಿನ ಮತ್ತು ಗಂಡನ ಜೊತೆ ಸೇರಿದ ಮರುದಿನ ತಡೆಯಲಾರದಷ್ಟು. "ಕೂತ್ರೆ ಒಳಗೆ ಕಲ್ಲು ಇಟ್ಟಂಗೆ ಆಗ್ತದೆ ಮೇಡಂ, ಏನೋ ಕೆಳಗೆ ಜಾರಿ ಬಂದಂಗೆ" ಎಂದು ಅವರು ಮೊದಲ ಭೇಟಿಯಲ್ಲಿ ಹೇಳಿದ್ದರು. ಈ ಮಾತೇ ನಾಲ್ಕು ವರ್ಷ ಎಲ್ಲರ ಗಮನವನ್ನು ಗರ್ಭಕೋಶದತ್ತ ತಿರುಗಿಸಿತ್ತು. ಏನೋ ಜಾರಿದಂತೆ ಅನ್ನಿಸುತ್ತದೆ ಎಂದು ಹೆಂಗಸೊಬ್ಬರು ಹೇಳಿದರೆ ಮನೆಯವರಿಗೂ ವೈದ್ಯರಿಗೂ ಮೊದಲು ನೆನಪಾಗುವುದು ಗರ್ಭಕೋಶ. ಶ್ರೋಣಿಯ ತಳವನ್ನು ಹಿಡಿದಿರುವ ಸ್ನಾಯುಗಳು ಬಿಗಿದು ನಿಂತಾಗಲೂ ಇದೇ ಅನುಭವ ಆಗುತ್ತದೆ ಎಂಬುದು ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ.

ಅಷ್ಟರಲ್ಲಾಗಲೇ ಮಾಡಿದ್ದು

ಬಿಳಿಸೆರಗು ಇದೆ ಎಂದು, ಸೋಂಕು ಇರಬಹುದು ಎಂದು ಬೇರೆ ಬೇರೆ ಕಡೆ ಆ್ಯಂಟಿಬಯೋಟಿಕ್‌ಗಳ ಸರಣಿಯೇ ನಡೆದಿತ್ತು. ಅವರು ಪ್ಲಾಸ್ಟಿಕ್ ಚೀಲದಲ್ಲಿ ತಂದ ಕಾಗದಗಳಲ್ಲಿ ಮೂತ್ರದ ಕಲ್ಚರ್ ವರದಿಗಳು ಹಲವಿದ್ದವು, ಮೊದಲನೆಯದನ್ನು ಬಿಟ್ಟರೆ ಯಾವುದರಲ್ಲೂ ರೋಗಾಣು ಬೆಳೆದಿರಲಿಲ್ಲ. ನೋವಿನ ಮಾತ್ರೆ ನುಂಗಿದಷ್ಟು ಹೊತ್ತು ಸ್ವಲ್ಪ ಸಮಾಧಾನ. ಒಬ್ಬರು ನರದ ನೋವು ಎಂದು ಗ್ಯಾಬಪೆಂಟಿನ್ ಕೊಟ್ಟಿದ್ದರು. ತಲೆ ತಿರುಗಿ ಕೊಟ್ಟಿಗೆಯಲ್ಲಿ ಬಿದ್ದ ಮೇಲೆ ಅವರೇ ನಿಲ್ಲಿಸಿದ್ದರು. ಊರಿನ ಹತ್ತಿರದ ಆಯುರ್ವೇದ ಚಿಕಿತ್ಸಾಲಯದಲ್ಲಿ ಸೊಂಟ ಮತ್ತು ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕಿ ಶಾಖ ಕೊಟ್ಟಾಗ ಎರಡು ಮೂರು ದಿನ ಹಗುರವಾಗುತ್ತಿತ್ತು ಎಂದು ಹೇಳಿದರು. ಈ ಮಾತನ್ನು ನಾನು ಪ್ರತ್ಯೇಕವಾಗಿ ಬರೆದುಕೊಂಡೆ, ಏಕೆಂದರೆ ಗರ್ಭಕೋಶದೊಳಗಿನ ಕಾರಣದಿಂದ ಬರುವ ನೋವು ಸೊಂಟ ತಿಕ್ಕಿ ಶಾಖ ಕೊಟ್ಟ ಮಾತ್ರಕ್ಕೆ ಮೂರು ದಿನ ಸುಮ್ಮನಿರುವುದು ಕಡಿಮೆ.

ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗೋಡೆಯೊಳಗೆ ಸುಮಾರು 2 ಸೆಂಟಿಮೀಟರಿನ ಒಂದು ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಸ್ನಾಯುಗಂಟು) ಕಂಡಿತ್ತು. ಈ ವಯಸ್ಸಿನ ಬಹಳಷ್ಟು ಹೆಂಗಸರಲ್ಲಿ ಇಂಥದ್ದು ಇರುತ್ತದೆ, ಹೆಚ್ಚಿನವರಿಗೆ ಅದರ ಸುಳಿವೂ ಇರುವುದಿಲ್ಲ. ಆದರೆ ಮನೆಯಲ್ಲಿ ಅದು "ಗಡ್ಡೆ" ಆಯಿತು, ಗಡ್ಡೆ ಎಂದ ಮೇಲೆ ಭಯವಾಯಿತು, ಭಯದ ಮೇಲೆ ಶಸ್ತ್ರಚಿಕಿತ್ಸೆಯ ದಿನವೂ ಗೊತ್ತಾಯಿತು: ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು, ಏಪ್ರಿಲ್‌ನಲ್ಲಿ. ಮಲೆನಾಡಿನಲ್ಲಿ ತಡೆದಿಟ್ಟ ಶಸ್ತ್ರಚಿಕಿತ್ಸೆಗಳೆಲ್ಲ ಈ ಅವಧಿಯಲ್ಲಿ ಬಂದು ಬೀಳುತ್ತವೆ.

ಇದರ ನಡುವೆ ಇನ್ನೊಂದು ಸಂಗತಿ ನಡೆದಿತ್ತು, ಅದನ್ನು ಅವರು ಚಿಕಿತ್ಸೆ ಎಂದು ಎಣಿಸಿರಲಿಲ್ಲವಾದ್ದರಿಂದ ಕೇಳದೆ ಹೇಳಲೂ ಇಲ್ಲ. ಗರ್ಭಕೋಶ ಜಾರದಿರಲಿ ಎಂದು ಯಾರೋ ಕೀಗಲ್ ವ್ಯಾಯಾಮ ಹೇಳಿಕೊಟ್ಟಿದ್ದರು. ಮೂತ್ರ ತಡೆಹಿಡಿಯುವಂತೆ ಕೆಳಗಿನ ಸ್ನಾಯುಗಳನ್ನು ಬಿಗಿದು ಬಿಡುವ ಈ ವ್ಯಾಯಾಮವನ್ನು ಅವರು ಒಂದು ವರ್ಷದಿಂದ ಬೆಳಿಗ್ಗೆ ಸಂಜೆ, ಹಾಲು ಕರೆಯುವಾಗಲೂ ಬಿಡದೆ ಮಾಡುತ್ತಿದ್ದರು. ಆ ವರ್ಷವೇ ನೋವು ಹೆಚ್ಚಾದದ್ದು ಎಂಬುದು ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ತಿಳಿಯಿತು.

ಮುಂದೂಡುವ ನಿರ್ಧಾರ

ಅವರು ನಮ್ಮಲ್ಲಿಗೆ ಬಂದದ್ದು ಮಾರ್ಚ್‌ನಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಇನ್ನೊಬ್ಬರ ಅಭಿಪ್ರಾಯ ಕೇಳೋಣ ಎಂದು ಊರಿನ ಆಶಾ ಕಾರ್ಯಕರ್ತೆ ಒತ್ತಾಯಿಸಿದ್ದರಿಂದ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟ ಮೇಲೆ ಇಂಥ ಎರಡನೇ ಅಭಿಪ್ರಾಯ ಕೇಳುವುದು ಹಳ್ಳಿಗಳಲ್ಲೂ ಸ್ವಲ್ಪ ಸಲೀಸಾಗಿದೆ ಎಂದು ನನಗೆ ಅನ್ನಿಸಿದೆ.

ಸ್ತ್ರೀರೋಗ ತಜ್ಞೆ ಮೊದಲು ಅಪಾಯದ ಸೂಚನೆಗಳನ್ನು ಕೇಳಿದರು. ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತಸ್ರಾವ ಇರಲಿಲ್ಲ, ತೂಕ ಇಳಿದಿರಲಿಲ್ಲ, ಜ್ವರ ಇರಲಿಲ್ಲ, ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಸುಳಿವು ಹುಡುಕುವ ಪ್ಯಾಪ್ ಪರೀಕ್ಷೆ ಸರಿಯಿತ್ತು, ಕ್ಷಯದ ಲಕ್ಷಣಗಳಿರಲಿಲ್ಲ. ಗರ್ಭಕೋಶ ಜಾರಿರಲಿಲ್ಲ. ಚರ್ಚೆಯಾದದ್ದು ಎಂಡೊಮೆಟ್ರಿಯೋಸಿಸ್ ಬಗ್ಗೆ, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ರೋಗದ ಬಗ್ಗೆ. ಅದು ಸ್ಕ್ಯಾನಿಂಗ್‌ನಲ್ಲಿ ಕಾಣದೆಯೂ ಇರಬಹುದು. ಲ್ಯಾಪರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಹಾಕಿ ನೋಡಿಬಿಡೋಣ ಎಂಬ ವಾದಕ್ಕೆ ತೂಕವಿತ್ತು. ಆದರೆ ಇವರ ನೋವು ಮುಟ್ಟಿನ ಜೊತೆ ಏರಿಳಿಯುತ್ತಿರಲಿಲ್ಲ, ಕೂರುವುದರ ಜೊತೆ ಏರಿಳಿಯುತ್ತಿತ್ತು. ಎಳೆಯ ವಯಸ್ಸಿನಲ್ಲೂ ಮುಟ್ಟು ಅಷ್ಟೇನೂ ನೋಯುತ್ತಿರಲಿಲ್ಲ. ಹಾಗಾಗಿ ಲ್ಯಾಪರೋಸ್ಕೋಪಿಯನ್ನು ಕೈಬಿಡದೆ, ಎರಡನೆಯ ಹೆಜ್ಜೆಯಾಗಿ ಇಟ್ಟುಕೊಳ್ಳಲಾಯಿತು.

ಮನೆಯವರಿಗೆ ಇದನ್ನು ಹೇಳುವ ರೀತಿ ಈ ಪ್ರಕರಣದ ಮೊದಲ ತಿರುವು. "ಆಪರೇಷನ್ ಬೇಡ" ಎಂದಿದ್ದರೆ ಅವರ ಅತ್ತೆ ಅಂದೇ ಎದ್ದು ಹೋಗುತ್ತಿದ್ದರು. ನಾಲ್ಕು ವರ್ಷ ಸೊಸೆ ನರಳಿದ್ದನ್ನು ಕಣ್ಣಾರೆ ಕಂಡವರಿಗೆ ಕತ್ತರಿಸಿ ತೆಗೆಯುವುದೇ ಖಚಿತವಾದ ದಾರಿ ಎಂದು ತೋರಿದ್ದರಲ್ಲಿ ತಪ್ಪಿಲ್ಲ. ಬದಲಿಗೆ ತಜ್ಞೆ, ಮೂರು ತಿಂಗಳು ಮುಂದಕ್ಕೆ ಹಾಕೋಣ, ಗಡ್ಡೆ ಅಷ್ಟರಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ, ಮೂರು ತಿಂಗಳಲ್ಲಿ ನೋವು ಮೂರನೇ ಒಂದು ಪಾಲಾದರೂ ಇಳಿಯದಿದ್ದರೆ ನಾನೇ ಒಳಗೆ ಕ್ಯಾಮೆರಾ ಹಾಕಿ ನೋಡುತ್ತೇನೆ ಎಂದರು. ನೋವಿಗೆಂದು ಗರ್ಭಕೋಶ ತೆಗೆಸಿಕೊಂಡವರೆಲ್ಲರ ನೋವೂ ಹೋಗುವುದಿಲ್ಲ ಎಂಬುದನ್ನೂ ಹೇಳಿದರು. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೀಗೆ ಶಸ್ತ್ರಚಿಕಿತ್ಸೆಯಾದ 308 ಮಹಿಳೆಯರಲ್ಲಿ ಸುಮಾರು ಕಾಲು ಭಾಗದವರಿಗೆ ವರ್ಷದ ನಂತರವೂ ನೋವು ಒಂದಲ್ಲ ಒಂದು ಪ್ರಮಾಣದಲ್ಲಿ ಉಳಿದಿತ್ತು. ಮುಕ್ಕಾಲು ಭಾಗದವರಿಗೆ ಹೋಗಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಗಂಡ ಎಲ್ಲವನ್ನೂ ಕೇಳಿ, ಮಳೆಗಾಲ ಮುಗಿದ ಮೇಲೆ ಮಾಡಿಸಿದರೆ ದನ ಕರೆಯುವವರು ಯಾರು ಎಂದು ಮಾತ್ರ ಕೇಳಿದರು. ಅದೂ ಸರಿಯಾದ ಪ್ರಶ್ನೆಯೇ. ಅದಕ್ಕೆ ಅತ್ತೆಯೇ ಉತ್ತರ ಕೊಟ್ಟರು.

ಪರೀಕ್ಷೆಯಲ್ಲಿ ಕಂಡದ್ದು

ಯೋನಿಯ ಮೂಲಕ ಸ್ನಾಯುಗಳನ್ನು ಪರೀಕ್ಷಿಸಬೇಕೆಂದಾಗ ಅವರು ಮೊದಲ ದಿನ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅಂದು ಹೊರಗಿನಿಂದಷ್ಟೇ ನೋಡಿದೆ. ಎಡ ಕಿಬ್ಬೊಟ್ಟೆಯ ನೋವಿನ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ತಲೆ ಎತ್ತಲು ಹೇಳಿದಾಗ ನೋವು ಜಾಸ್ತಿಯಾಯಿತು. ನೋವು ಒಳಗಿನ ಅಂಗದ್ದಾದರೆ, ಹೊಟ್ಟೆಯ ಸ್ನಾಯು ಬಿಗಿದಾಗ ಅದಕ್ಕೆ ರಕ್ಷಣೆ ಸಿಕ್ಕಿ ನೋವು ಇಳಿಯಬೇಕು. ಏರಿದರೆ ನೋವು ಹೊಟ್ಟೆಯ ಗೋಡೆಯಲ್ಲೇ ಇರುವ ಸಾಧ್ಯತೆ ಹೆಚ್ಚು. ಕಾರ್ನೆಟ್ ಪರೀಕ್ಷೆ ಎಂದು ಕರೆಯುವ ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ, ಒಂದು ನಿಮಿಷವೂ ಬೇಡ. ಆ ಚೀಲದ ಕಾಗದಗಳಲ್ಲಿ ಎಲ್ಲಿಯೂ ಅದರ ಉಲ್ಲೇಖವಿರಲಿಲ್ಲ.

ಮುಂದಿನ ಭೇಟಿಯಲ್ಲಿ, ಅವರ ಅತ್ತಿಗೆ ಪರದೆಯ ಆಚೆ ಕೂತಿರುವಂತೆ, ಒಂದೇ ಬೆರಳಿನಿಂದ ಒಳಪರೀಕ್ಷೆ ಮಾಡಿದೆ. ಯಾವ ಕ್ಷಣದಲ್ಲಿ ಬೇಡವೆಂದರೂ ನಿಲ್ಲಿಸುವುದಾಗಿ ಮೊದಲೇ ಹೇಳಿ, ಕೈ ಎತ್ತುವುದನ್ನು ಸಂಕೇತವಾಗಿ ಇಟ್ಟುಕೊಂಡೆವು. ಯೋನಿಯ ಎರಡೂ ಪಕ್ಕಗಳಲ್ಲಿ ಹರಡಿರುವ ಲಿವೇಟರ್ ಏನೈ ಸ್ನಾಯು ಬಲಕ್ಕಿಂತ ಎಡಗಡೆ ಬಹಳ ಬಿಗಿಯಾಗಿತ್ತು. ಅದರ ಹೊರಮಗ್ಗುಲಿನಲ್ಲಿ, ತೊಡೆಯನ್ನು ಹೊರಕ್ಕೆ ತಿರುಗಿಸುವ ಅಬ್ಚ್ಯುರೇಟರ್ ಇಂಟರ್ನಸ್ ಎಂಬ ಸ್ನಾಯುವನ್ನು ಹುಡುಕಲು, ನನ್ನ ಕೈಗೆ ಎದುರಾಗಿ ಮಂಡಿಯನ್ನು ಹೊರಕ್ಕೆ ತಳ್ಳಲು ಹೇಳಿದೆ. ಬೆರಳಿನ ಕೆಳಗೆ ಸ್ನಾಯು ಉಬ್ಬಿದ ಜಾಗದಲ್ಲಿ ಮೆತ್ತಗೆ ಒತ್ತಿದಾಗ ಅವರು, "ಇದೇ ಮೇಡಂ, ಇದೇ ನೋವು, ಹಿಂದೆ ಕುಂಡೆಗೂ ಹೋಗ್ತಾ ಇದೆ" ಎಂದರು. ಒತ್ತಿದಾಗ ನೋಯುವುದು ಯಾರಲ್ಲೂ ಇರಬಹುದು. ದಿನನಿತ್ಯ ಕಾಡುವ ಅದೇ ನೋವು ಬೆರಳಿನ ಒತ್ತಡದಿಂದ ಮರುಕಳಿಸಿದರೆ ಮಾತ್ರ ಅದಕ್ಕೆ ಬೆಲೆ.

ಸ್ನಾಯುವನ್ನು ಬಿಗಿಹಿಡಿಯಿರಿ ಎಂದಾಗ ಬಂದ ಹಿಡಿತ ದುರ್ಬಲವಾಗಿತ್ತು, 5ರ ಅಳತೆಯಲ್ಲಿ 2. ಬಿಡಿ ಎಂದಾಗ ಅದು ಬಿಡಲೇ ಇಲ್ಲ. ಇಲ್ಲಿಯೇ ಹೆಚ್ಚಿನ ಗೊಂದಲ ಹುಟ್ಟುವುದು: ಹಿಡಿತ 2 ಎಂದು ಬರೆದಿಟ್ಟರೆ ಓದಿದವರು ಸ್ನಾಯು ಸೋತಿದೆ, ಬಲಪಡಿಸಬೇಕು ಎಂದುಕೊಳ್ಳುತ್ತಾರೆ. ಮುಷ್ಟಿ ಕಟ್ಟಿದ ಕೈಗೆ ಇನ್ನೂ ಬಿಗಿ ಹಿಡಿ ಎಂದರೆ ಅದು ಹೆಚ್ಚೇನು ಬಿಗಿಯಾಗಬಲ್ಲದು? ಮೊದಲೇ ಕುಗ್ಗಿ ನಿಂತ ಸ್ನಾಯುವಿಗೆ ಇನ್ನಷ್ಟು ಕುಗ್ಗಲು ಅವಕಾಶವಿಲ್ಲದ್ದರಿಂದ ಅದು ದುರ್ಬಲವೆಂದು ತೋರುತ್ತದೆ. ಅವರ ಕೀಗಲ್ ವ್ಯಾಯಾಮದ ಒಂದು ವರ್ಷ ಈ ಗೊಂದಲದ ಫಲ.

ಎಡಗಡೆಯೇ ಏಕೆ ಎಂಬುದಕ್ಕೆ ಉತ್ತರ ಅವರು ಸುಲಿಯಲು ಕೂರುವ ಭಂಗಿಯನ್ನು ಮಾಡಿ ತೋರಿಸಲು ಹೇಳಿದಾಗ ಸಿಕ್ಕಿತು. ತಗ್ಗಾದ ಮಣೆಯ ಮೇಲೆ ಕೂತು, ಬಲಗಾಲು ಚಾಚಿ, ಎಡ ಮಂಡಿಯನ್ನು ಮಡಿಸಿ ಹೊರಕ್ಕೆ ವಾಲಿಸಿ ಆ ಪಾದದಿಂದ ಮೆಟ್ಟುಗತ್ತಿಯನ್ನು ಒತ್ತಿ ಹಿಡಿಯುವುದು ಅವರ ರೂಢಿ. ತೊಡೆ ಹೊರಕ್ಕೆ ತಿರುಗಿ, ಪಾದ ಒತ್ತಿ ನಿಂತಷ್ಟು ಹೊತ್ತೂ ಅಬ್ಚ್ಯುರೇಟರ್ ಸ್ನಾಯು ಕೆಲಸ ಮಾಡುತ್ತಲೇ ಇರುತ್ತದೆ, ಲಿವೇಟರ್ ಸ್ನಾಯುವಿನ ಒಂದು ಅಂಚು ಅದರ ಹೊದಿಕೆಗೇ ಅಂಟಿಕೊಂಡಿದೆ. ಇದರ ಮೇಲೆ, ಎದ್ದರೆ ಕೆಲಸ ಹಿಂದೆ ಬೀಳುತ್ತದೆಂದು ಗಂಟೆಗಟ್ಟಲೆ ಮೂತ್ರ ಕಟ್ಟಿಕೊಂಡು ಕೂರುವುದು. ಉರಿಮೂತ್ರವೂ ಬಿಗಿತವೂ ಒಂದೇ ಕೊಯ್ಲಿನಲ್ಲಿ ಆರಂಭವಾದದ್ದು ಆಶ್ಚರ್ಯವಲ್ಲ.

ಚಿಕಿತ್ಸೆಗಳನ್ನು ತೂಗಿದ್ದು

ಎದುರಿಗೆ ಹಲವು ದಾರಿಗಳಿದ್ದವು. ಎಲ್ಲವನ್ನೂ ಒಟ್ಟಿಗೆ ಆರಂಭಿಸುವ ಆಸೆ ಇಂಥ ಪ್ರಕರಣಗಳಲ್ಲಿ ಸಹಜ; ನೋವು ಇಳಿದರೆ ಸಾಕು, ಯಾವುದರಿಂದ ಇಳಿಯಿತೆಂದು ಯಾರಿಗೆ ಬೇಕು ಎನ್ನಬಹುದು. ಆದರೆ ಶಿವಮೊಗ್ಗಕ್ಕೆ ಬರಲು ಎರಡೂವರೆ ಗಂಟೆ ಬಸ್ಸಿನಲ್ಲಿ ಕೂರಬೇಕಾದ, ಕೂತರೇ ನೋವು ಏರುವ ರೋಗಿಗೆ ಯಾವುದು ಬೇಕು ಯಾವುದು ಬೇಡ ಎಂದು ತಿಳಿಯುವುದು ಅತ್ಯಗತ್ಯ. ಆದ್ದರಿಂದ ಒಂದೊಂದನ್ನೇ, ಎರಡು ಮೂರು ವಾರಗಳ ಅಂತರದಲ್ಲಿ, ಕಡಿಮೆ ಖರ್ಚಿನದರಿಂದ ಆರಂಭಿಸಿ ಸೇರಿಸುತ್ತಾ ಹೋಗುವುದೆಂದು ನಿರ್ಧರಿಸಿದೆವು. ಅವರು ದಿನವೂ ರಾತ್ರಿ ಕ್ಯಾಲೆಂಡರಿನ ಚೌಕದಲ್ಲಿ ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಅಂದಿನ ನೋವನ್ನು ಬರೆಯಬೇಕು, ಎಷ್ಟು ಹೊತ್ತು ಕೂತೆ ಎಂಬುದನ್ನೂ. ಆರಂಭದಲ್ಲಿ ವಾರದ ಸರಾಸರಿ 7 ಇತ್ತು.

ಔಷಧಿಗಳ ವಿಷಯದಲ್ಲಿ ನಮ್ಮೊಳಗೆ ಹೆಚ್ಚು ಚರ್ಚೆಯಾಗಲಿಲ್ಲ. ಗ್ಯಾಬಪೆಂಟಿನ್ ಅನ್ನು ಇನ್ನೊಮ್ಮೆ, ಕಡಿಮೆ ಪ್ರಮಾಣದಲ್ಲಿ ಯತ್ನಿಸೋಣವೇ ಎಂಬ ಪ್ರಶ್ನೆಗೆ 2020ರಲ್ಲಿ ಬ್ರಿಟನ್ನಿನಿಂದ ಬಂದ ಪ್ರಯೋಗ ಉತ್ತರ ಕೊಟ್ಟಿತ್ತು: ಲ್ಯಾಪರೋಸ್ಕೋಪಿಯಲ್ಲಿ ಸ್ಪಷ್ಟ ಕಾರಣ ಸಿಗದ ದೀರ್ಘಕಾಲದ ಶ್ರೋಣಿ ನೋವಿನ 306 ಮಹಿಳೆಯರಲ್ಲಿ ಆ ಔಷಧಿ ಹುಸಿ ಮಾತ್ರೆಗಿಂತ ಮೇಲಾಗಲಿಲ್ಲ, ತಲೆಸುತ್ತು ಮತ್ತು ಮಂಪರು ಮಾತ್ರ ಹೆಚ್ಚಾಯಿತು. ಸ್ನಾಯುವನ್ನು ತಾತ್ಕಾಲಿಕವಾಗಿ ಸಡಿಲಿಸುವ ಬಟುಲಿನಮ್ ಟಾಕ್ಸಿನ್ (ಬೊಟಾಕ್ಸ್) ಚುಚ್ಚುಮದ್ದಿನ ಬಗ್ಗೆ ಅವರ ಗಂಡನೇ ಮೊಬೈಲ್‌ನಲ್ಲಿ ನೋಡಿ ಕೇಳಿದರು. 2006ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 60 ಮಹಿಳೆಯರಿಗೆ ಇದನ್ನು ಅಥವಾ ಬರಿಯ ಲವಣಜಲವನ್ನು ಕೊಟ್ಟು ಹೋಲಿಸಿದ್ದರು. ಸ್ನಾಯುವಿನ ಒತ್ತಡ ಇಳಿಯಿತು, ಆದರೆ ನೋವಿನಲ್ಲಿ ಎರಡು ಗುಂಪುಗಳ ನಡುವೆ ಗಟ್ಟಿಯಾದ ವ್ಯತ್ಯಾಸ ತೋರಲಿಲ್ಲ. ಬೆಲೆಯನ್ನು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಕೈಯಿಂದ ಸ್ನಾಯು ಸಡಿಲಿಸುವ ಚಿಕಿತ್ಸೆಯ ಪರವಾಗಿ ಇರುವ ಸಾಕ್ಷ್ಯ ಇವಕ್ಕಿಂತ ಗಟ್ಟಿ. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂತ್ರಕೋಶದ ನೋವೂ ಶ್ರೋಣಿತಳದ ಸ್ನಾಯುಗಳಲ್ಲಿ ಒತ್ತುನೋವೂ ಇದ್ದ 81 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಳಗಿನ ಮತ್ತು ಹೊರಗಿನ ಸ್ನಾಯುಗಳನ್ನು ಹುಡುಕಿ ಸಡಿಲಿಸುವ ಚಿಕಿತ್ಸೆ, ಇನ್ನೊಂದಕ್ಕೆ ಮೈಯೆಲ್ಲ ಸಾಮಾನ್ಯ ಮಸಾಜ್ ಕೊಡಲಾಗಿತ್ತು. ಮೊದಲ ಗುಂಪಿನಲ್ಲಿ ಶೇ 59, ಎರಡನೆಯದರಲ್ಲಿ ಶೇ 26 ಮಂದಿ ಸುಧಾರಿಸಿದೆವು ಎಂದರು. ಈ ಶೇ 26 ನನಗೆ ಮುಖ್ಯವೆನಿಸುತ್ತದೆ. ಆಯುರ್ವೇದದ ಎಣ್ಣೆ ತಿಕ್ಕಿಸಿಕೊಂಡಾಗ ಹಗುರವಾಗುತ್ತಿತ್ತು ಎಂದ ಇವರ ಮಾತನ್ನು ತಳ್ಳಿಹಾಕಬೇಕಾಗಿಲ್ಲ; ಹೊರಗಿನ ಮರ್ದನದಿಂದ ಕೆಲವರಿಗೆ ಉಪಶಮನ ಸಿಗುವುದು ನಿಜ, ಬೆರಳು ಮುಟ್ಟದ ಸ್ನಾಯು ಮಾತ್ರ ಹಾಗೆಯೇ ಉಳಿಯುತ್ತದೆ.

ಬಯೋಫೀಡ್‌ಬ್ಯಾಕ್ ಎಂಬ, ಸ್ನಾಯುವಿನ ಬಿಗಿತವನ್ನು ಪರದೆಯ ಮೇಲೆ ತೋರಿಸಿ ಸಡಿಲಿಸುವುದನ್ನು ಕಲಿಸುವ ಯಂತ್ರದ ಚಿಕಿತ್ಸೆಯೂ ಇದೆ. ಗುದದ ಸುತ್ತಲಿನ ಲಿವೇಟರ್ ನೋವಿನ 157 ರೋಗಿಗಳ ಮೇಲೆ ಇಟಲಿಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪರೀಕ್ಷೆಯಲ್ಲಿ ಒತ್ತುನೋವು ಇದ್ದವರ ಪೈಕಿ ಇದರಿಂದ ಶೇ 87, ವಿದ್ಯುತ್ ಪ್ರಚೋದನೆಯಿಂದ ಶೇ 45, ಬೆರಳಿನ ಮಸಾಜಿನಿಂದ ಶೇ 22 ಮಂದಿಗೆ ಸಾಕಷ್ಟು ಉಪಶಮನ ಸಿಕ್ಕಿತ್ತು. ಒತ್ತುನೋವು ಇಲ್ಲದವರಲ್ಲಿ ಯಾವುದೂ ಅಷ್ಟಾಗಿ ಫಲ ಕೊಡಲಿಲ್ಲ. ಹಿಂದಿನ ಪ್ರಯೋಗದಲ್ಲಿ ಗೆದ್ದ ಕೈಚಿಕಿತ್ಸೆ ಇಲ್ಲಿ ಕೊನೆಯ ಸ್ಥಾನಕ್ಕೆ ಇಳಿದಂತೆ ಕಾಣುತ್ತದೆ. ಆದರೆ ರೋಗಿಗಳು ಬೇರೆ, ಗುದದ ಮೂಲಕ ಮಾಡಿದ ಮಸಾಜಿನ ರೀತಿಯೂ ಬೇರೆ. ಎರಡೂ ಪ್ರಯೋಗಗಳನ್ನು ಒಟ್ಟಿಗೆ ಓದಿದಾಗ ನನಗೆ ಕಂಡದ್ದು, ಬೇರೆಯವರು ಸಡಿಲಿಸಿಕೊಡುವುದಕ್ಕಿಂತ ತಾನೇ ಸಡಿಲಿಸುವುದನ್ನು ಕಲಿಯುವುದಕ್ಕೆ ಹೆಚ್ಚು ಬೆಲೆಯಿದೆ ಎಂಬುದು. ಆ ಯಂತ್ರ ನಮ್ಮಲ್ಲಿ ಇರಲಿಲ್ಲ. ಅದರ ತತ್ವವನ್ನು ಉಸಿರಾಟ ಮತ್ತು ಅವರದೇ ಕೈಯಿಂದ ಸಾಧಿಸಲು ನೋಡಿದೆವು.

ನಡೆದದ್ದು

ಮೊದಲು ಕೀಗಲ್ ನಿಲ್ಲಿಸಿದೆವು, ಇನ್ನೇನನ್ನೂ ಸೇರಿಸಲಿಲ್ಲ. ಅತ್ತೆಗೆ ಇದು ಚಿಕಿತ್ಸೆ ಎನ್ನಿಸಲಿಲ್ಲ; ಅಷ್ಟು ದೂರದಿಂದ ಬಂದವರಿಗೆ ಮಾಡುತ್ತಿದ್ದುದನ್ನು ಬಿಡಿ ಎಂದು ಹೇಳಿ ಕಳಿಸಿದರಲ್ಲ ಎಂದು ಬೇಸರಿಸಿದರಂತೆ. ಮೂರು ವಾರಗಳಲ್ಲಿ ಸರಾಸರಿ 7ರಿಂದ 6ಕ್ಕೆ ಬಂತು. ಒಂದು ಅಂಕ ದೊಡ್ಡದಲ್ಲ, ಆದರೆ ಒಂದು ವರ್ಷದಲ್ಲಿ ನೋವು ಕೆಳಮುಖವಾದದ್ದು ಅದೇ ಮೊದಲು.

ಎರಡನೆಯದು ಉಸಿರು ಮತ್ತು ಕರುಳು. ಅಂಗಾತ ಮಲಗಿ, ಮಂಡಿಗಳನ್ನು ಮಡಿಸಿ ಅಗಲಿಸಿ, ಹೊಟ್ಟೆ ಉಬ್ಬುವಂತೆ ಉಸಿರೆಳೆದಾಗ ಶ್ರೋಣಿತಳ ಕೆಳಕ್ಕೆ ಇಳಿಯುವುದನ್ನು ಅಂಗೈಯಿಟ್ಟು ತಿಳಿಯುವುದು. ಮೊದಮೊದಲು ಅವರಿಗೆ ಅದು ಎಲ್ಲಿದೆ ಎಂದೇ ತಿಳಿಯಲಿಲ್ಲ. ಬಚ್ಚಲ ಹಂಡೆಯ ಬಿಸಿನೀರನ್ನು ಅಗಲವಾದ ಟಬ್ಬಿಗೆ ಹಾಕಿ ಕೂತು ಅಭ್ಯಾಸ ಮಾಡಿದ ಮೇಲೆ ಹಿಡಿತ ಸಿಕ್ಕಿತು. ತಿಣುಕದೆ ಮಲವಿಸರ್ಜನೆಯಾಗಲೆಂದು ಆಹಾರದಲ್ಲಿ ಸೊಪ್ಪು ಮತ್ತು ನೀರು ಹೆಚ್ಚಿಸಿ ಇಸಬ್ಗೋಲ್ ಸೇರಿಸಿದೆವು. ನೋವು ತಜ್ಞರು ಈ ಹಂತದಲ್ಲಿ ರಾತ್ರಿಗೆ ದೀರ್ಘಕಾಲದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್ ಎಂಬ ಖಿನ್ನತೆಯ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ನಿದ್ದೆ ಚೆನ್ನಾಗಿ ಬಂತು, ಆದರೆ ಮಲ ಗಟ್ಟಿಯಾಯಿತು, ಮಲ ಗಟ್ಟಿಯಾದ ದಿನಗಳಲ್ಲಿ ಕ್ಯಾಲೆಂಡರಿನ ಅಂಕ ಏರಿತು. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಳ್ಳುವ ಈ ಔಷಧಿಯನ್ನು ಒಂದು ತಿಂಗಳಲ್ಲಿ ನಿಲ್ಲಿಸಲಾಯಿತು. ದಿನವಾರು ದಾಖಲೆ ಇರದಿದ್ದರೆ ಅದು ವರ್ಷಗಟ್ಟಲೆ ಮುಂದುವರಿಯುತ್ತಿತ್ತೇನೋ.

ಒಳಚಿಕಿತ್ಸೆಯನ್ನು ಮೇ ತಿಂಗಳಲ್ಲಿ ಆರಂಭಿಸಿದೆವು. 2012ರ ಪ್ರಯೋಗದಲ್ಲಿ ಒಂದೊಂದು ಗಂಟೆಯ ಹತ್ತು ಭೇಟಿಗಳನ್ನು 12 ವಾರಗಳಲ್ಲಿ ಯೋಜಿಸಿದ್ದರು. ವಾರವಾರ ಐದು ಗಂಟೆ ಬಸ್ಸಿನಲ್ಲಿ ಕೂತು ಬಂದುಹೋಗುವುದರಿಂದ ಬಿಗಿಯುವ ಸ್ನಾಯುವನ್ನು ಒಂದು ಗಂಟೆಯಲ್ಲಿ ಸಡಿಲಿಸುವುದು ಲೆಕ್ಕಕ್ಕೆ ಕೂಡುವುದಿಲ್ಲ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಇಲ್ಲಿ, ನಡುವೆ ಮನೆಯಲ್ಲಿ ಸ್ವತಃ ಎಂದು ಬದಲಿಸಿದೆವು. ಬಿಸಿನೀರಿನ ನಂತರ, ಉಗುರು ಕತ್ತರಿಸಿದ ಶುಭ್ರವಾದ ಹೆಬ್ಬೆರಳಿನಿಂದ ಎಡ ಗೋಡೆಯ ಬಿಗಿದ ಜಾಗವನ್ನು ಉಸಿರಿನ ಜೊತೆ ಮೆತ್ತಗೆ ಒತ್ತಿ ಹಿಡಿದು ಬಿಡುವುದು. ತನ್ನ ದೇಹವನ್ನು ತಾನೇ ಹೀಗೆ ಮುಟ್ಟಿಕೊಳ್ಳುವುದಕ್ಕೆ ಅವರಿಗೆ ಇದ್ದ ಸಂಕೋಚ ನೋವಿಗಿಂತ ದೊಡ್ಡದಾಗಿತ್ತು, ಅದು ಕರಗಲು ವಾರಗಳೇ ಬೇಕಾದವು. ಇದನ್ನು ಕಾಗದದಲ್ಲಿ ಬರೆದುಕೊಟ್ಟರೆ ಯಾರೂ ಮಾಡುವುದಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ, ಅವಸರವಿಲ್ಲದೆ, ಹೆಂಗಸೊಬ್ಬಳು ಹೆಂಗಸಿಗೆ ಹೇಳಿಕೊಡಬೇಕು. ಜೂನ್ ಕೊನೆಗೆ, ಮೂರು ತಿಂಗಳ ಗಡುವಿನ ಹೊತ್ತಿಗೆ, ಸರಾಸರಿ 4ಕ್ಕೆ ಬಂದಿತ್ತು. ರಾತ್ರಿ ಮೂತ್ರಕ್ಕೆ ಏಳುವುದು ಒಂದೇ ಸಲಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸೆಯ ಮಾತನ್ನು ಅತ್ತೆಯೇ ಎತ್ತಲಿಲ್ಲ.

ಅಲ್ಲಿಂದ ಮುಂದೆ ನೋವು ಇಳಿಯದೆ ನಿಂತಿತು. ಕಿಬ್ಬೊಟ್ಟೆಯ ಗೋಡೆಯಲ್ಲಿದ್ದ ಒಂದು ಬಿಂದು ಕೈಗೆ ಬಗ್ಗಲಿಲ್ಲ. ಜುಲೈನಲ್ಲಿ ನೋವು ತಜ್ಞರು ಅದಕ್ಕೆ ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟರು. ಹೊಟ್ಟೆಯ ನೋವು ಹೋಯಿತು, ಒಳಗಿನದು ಹಾಗೆಯೇ ಇತ್ತು. ಒಂದೇ ನೋವು ಎಂದು ನಾಲ್ಕು ವರ್ಷ ಎಣಿಸಿದ್ದು ಎರಡಾಗಿತ್ತು ಎಂಬುದು ಹೀಗೆ ಗೊತ್ತಾಯಿತು. ಸೆಪ್ಟೆಂಬರ್ ಹೊತ್ತಿಗೆ ಸರಾಸರಿ 2.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಗೆಲುವಿನ ಕಥೆಯಾಗುತ್ತಿತ್ತು, ಆದರೆ ನಂಬಲು ಯೋಗ್ಯವಾದದ್ದಲ್ಲ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಕೆ ಸುಲಿಯುವ ಕೆಲಸವೇ ಇರಲಿಲ್ಲ. ನೆಟ್ಟಿಯಲ್ಲಿ ಬಗ್ಗಿ ದುಡಿದಿದ್ದರು, ಬಗ್ಗುವುದರಿಂದ ಅವರಿಗೆ ನೋವು ಏರುತ್ತಿರಲಿಲ್ಲ. ಹಳೆಯ ಕಾಗದಗಳಲ್ಲಿಯೂ ಮಳೆಗಾಲದಲ್ಲಿ ವೈದ್ಯರ ಭೇಟಿ ಕಡಿಮೆಯೇ. ರಸ್ತೆ ಮತ್ತು ಮಳೆಯ ಕಾರಣವೆಂದು ನಾವು ಎಣಿಸಿದ್ದೆವು, ನೋವೇ ಕಡಿಮೆಯಿದ್ದಿರಲೂಬಹುದು. ಮಲೆನಾಡಿನ ತೋಟದ ಮನೆಯವರಲ್ಲಿ ಸೊಂಟ, ಬೆನ್ನು, ಶ್ರೋಣಿಯ ಯಾವ ಚಿಕಿತ್ಸೆಯನ್ನೇ ಆಗಲಿ ಒಂದು ಅಡಿಕೆ ಕೊಯ್ಲು ದಾಟಿಸದೆ ಫಲಕಾರಿ ಎನ್ನಬಾರದು ಎಂದು ನಾನು ಈಗ ಹೇಳುವುದು ಈ ಕಾರಣಕ್ಕೆ. ಏಪ್ರಿಲ್‌ನಲ್ಲಿ ಗರ್ಭಕೋಶ ತೆಗೆದಿದ್ದರೂ ಸೆಪ್ಟೆಂಬರ್‌ನಲ್ಲಿ ನೋವು ಇಳಿದಂತೆ ತೋರುತ್ತಿತ್ತು, ಎಲ್ಲರೂ ಶಸ್ತ್ರಚಿಕಿತ್ಸೆ ಫಲಿಸಿತು ಎನ್ನುತ್ತಿದ್ದರು.

ಆದ್ದರಿಂದ ಅಕ್ಟೋಬರ್‌ನಲ್ಲಿ ಸುಲಿಯುವ ಕೆಲಸದ ಬಗ್ಗೆ ಕೂತು ಮಾತಾಡಿದೆವು. ಬಿಟ್ಟೇಬಿಡಿ ಎನ್ನುವುದು ಸುಲಭ. ಆ ಕೂಲಿ ಅವರ ಸ್ವಂತ ಕೈಯಲ್ಲಿ ಆಡುವ ಒಂದೇ ಹಣ. ತಮ್ಮ ಮನೆಯ ಅಡಿಕೆಯನ್ನು ಊರಿನಲ್ಲಿದ್ದ ಸುಲಿಯುವ ಯಂತ್ರಕ್ಕೆ ಕೊಡುವುದೆಂದೂ ಹೊರಗಿನ ಸುಲಿಯುವಿಕೆಯನ್ನು ಸಂಜೆಗಷ್ಟೇ ಇಟ್ಟುಕೊಳ್ಳುವುದೆಂದೂ ಮನೆಯವರು ಒಪ್ಪಿದರು. ಮಣೆಯನ್ನು ಗೇಣಿನಷ್ಟು ಎತ್ತರಿಸಿ, ಮೆಟ್ಟುಗತ್ತಿಯ ಹಲಗೆಗೆ ಭಾರ ಹೇರಿ ಪಾದದ ಒತ್ತು ಬೇಡವಾಗುವಂತೆ ಮಾಡಿದ್ದು ಅವರ ಗಂಡ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಮೂತ್ರಕ್ಕೆ ಹೋಗಿ ಬರುವುದು ಮಾತ್ರ ಜೊತೆಯವರ ಕುಹಕಕ್ಕೆ ಕಾರಣವಾಯಿತು.

ಡಿಸೆಂಬರ್‌ನಲ್ಲಿ ನೋವು ಮರುಕಳಿಸಿತು. ಎರಡು ವಾರ ಸರಾಸರಿ 6. ದೊಡ್ಡ ತೋಟವೊಂದರ ಕೊಯ್ಲು ಒಟ್ಟಿಗೆ ಬಂದು, ಮೊದಲಿನಂತೆ ನಡುರಾತ್ರಿಯವರೆಗೆ ಕೂತಿದ್ದರು. ಗಾಬರಿಯಿಂದ ಫೋನ್ ಮಾಡಿದಾಗ ಬರುವುದು ಬೇಡ, ಕಲಿತದ್ದನ್ನು ಬೆಳಿಗ್ಗೆ ಸಂಜೆ ಮಾಡಿ, ವಾರ ಬಿಟ್ಟು ಅಂಕ ತಿಳಿಸಿ ಎಂದೆ. ಜನವರಿ ಎರಡನೇ ವಾರಕ್ಕೆ 3ಕ್ಕೆ ಇಳಿಯಿತು, ಕೆಲಸ ಇನ್ನೂ ನಡೆಯುತ್ತಿರುವಾಗಲೇ. ಮಳೆಗಾಲದ 2ಕ್ಕಿಂತ ಈ 3 ನನಗೆ ಹೆಚ್ಚು ಭರವಸೆ ಕೊಟ್ಟ ಅಂಕ.

ಇದರಿಂದ ಕಂಡದ್ದು

ಕೀಗಲ್ ನಿಲ್ಲಿಸಿದ್ದು, ಸ್ವತಃ ಸಡಿಲಿಸುವುದನ್ನು ಕಲಿತದ್ದು, ಕೂರುವ ಕ್ರಮ ಬದಲಿಸಿದ್ದು ಈ ಮೂರರ ಬಲದ ಬಗ್ಗೆ ನನಗೆ ಇಲ್ಲಿ ಹೆಚ್ಚು ವಿಶ್ವಾಸವಿದೆ. ಚುಚ್ಚುಮದ್ದು ಒಂದು ಸಣ್ಣ ಜಾಗಕ್ಕೆ ಸಲ್ಲಿತು. ನಾನು ಕೈಯಿಂದ ಮಾಡಿದ ಚಿಕಿತ್ಸೆಯ ಪಾಲು ಎಷ್ಟು ಎಂಬುದನ್ನು ಅವರೇ ಮಾಡಿಕೊಂಡದ್ದರಿಂದ ಬಿಡಿಸಿ ಹೇಳಲಾಗದು. ಡಿಸೆಂಬರ್‌ನಲ್ಲಿ ಮರುಕಳಿಸಿದ ನೋವು ನನ್ನ ಕೈ ಇಲ್ಲದೆಯೇ ಇಳಿದದ್ದನ್ನು ನೋಡಿದರೆ ಅದರ ಮುಖ್ಯ ಕೆಲಸ ಬಿಗಿತ ಎಲ್ಲಿದೆ ಎಂದು ತೋರಿಸಿಕೊಟ್ಟದ್ದೇ ಇರಬೇಕು. ಯಂತ್ರವಿಲ್ಲದ ಊರಿನಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್‌ಗಳಿಗೆ ಈ ಅಂಶ ಉಪಯೋಗಕ್ಕೆ ಬರಬಹುದು.

ಇದೇ ದಾರಿಯನ್ನು ಎಲ್ಲ ಶ್ರೋಣಿ ನೋವಿಗೂ ಹಿಡಿಯಲಾಗದು. ನೋವು ಮುಟ್ಟಿನೊಂದಿಗೆ ಏರಿಳಿಯುತ್ತಿದ್ದರೆ, ಬೆರಳೊತ್ತಿದಾಗ ಆ ನೋವೇ ಮರುಕಳಿಸದಿದ್ದರೆ ನಾವು ಮೂರು ತಿಂಗಳು ಕಾಯುತ್ತಿರಲಿಲ್ಲ, ಲ್ಯಾಪರೋಸ್ಕೋಪಿ ಮೊದಲ ಹೆಜ್ಜೆಯಾಗುತ್ತಿತ್ತು. ಸ್ನಾಯು ನಿಜವಾಗಿ ಸಡಿಲಗೊಂಡು ಮೂತ್ರ ಸೋರುವವರಿಗೆ ಕೀಗಲ್ ಇಂದಿಗೂ ಸರಿಯಾದ ವ್ಯಾಯಾಮ. ಈ ಬರಹ ಓದಿ ಅವರು ಅದನ್ನು ಬಿಡಬಾರದು. ಗಂಡನ ಜೊತೆ ಸೇರುವಾಗಿನ ನೋವು ಇವರಿಗೆ ಅರ್ಧದಷ್ಟು ಮಾತ್ರ ಕಡಿಮೆಯಾಗಿದೆ, ಹಳೆಯ ಹೊಲಿಗೆಯ ಕಲೆಯ ಕಡೆಗೆ ಈಗ ಗಮನ ಕೊಡುತ್ತಿದ್ದೇವೆ. ಮಾರ್ಚ್‌ನಲ್ಲಿ ಮತ್ತೆ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್ 2 ಸೆಂಟಿಮೀಟರಿನಷ್ಟೇ ಇತ್ತು. ವರ್ಷಕ್ಕೊಮ್ಮೆ ನೋಡಿದರೆ ಸಾಕೆಂದು ತಜ್ಞೆ ಬರೆದುಕೊಟ್ಟಿದ್ದಾರೆ.